ಮರವನ್ನು ಕರಗಿಸುವ ಉಪ್ಪು

2018ರ ಡಿಸೆಂಬರ್ 6ರಂದು ಫಿನ್ಲೆಂಡಿನ ಸ್ವಾತಂತ್ರ್ಯ ದಿನದ ಸತ್ಕಾರಕೂಟಕ್ಕೆ ಅಧ್ಯಕ್ಷರ ಪತ್ನಿ ಯೆನ್ನಿ ಹೌಕಿಯೊ ತೊಟ್ಟು ಬಂದ ಗೌನಿನ ನೂಲು ಹತ್ತಿಯದಲ್ಲ, ರೇಷ್ಮೆಯದೂ ಅಲ್ಲ, ಬರ್ಚ್ ಮರದ್ದು. ಆಲ್ಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವಿಧಾನದಲ್ಲಿ ಮರದ ತಿರುಳನ್ನು ‘ಅಯಾನಿಕ ದ್ರವ’ದಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ನೀರಿಗೆ ಇಳಿಬಿಟ್ಟು ತೆಗೆದ ಎಳೆ ಅದು.

ಅಯಾನಿಕ ದ್ರವವೂ ಉಪ್ಪೇ. ಅಡುಗೆ ಉಪ್ಪಿನ ಪುಟ್ಟ ಅಯಾನುಗಳು ಒತ್ತಾಗಿ ಸಾಲುಗಟ್ಟಿರುವುದರಿಂದ ಅದು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಸೋಡಿಯಂ ಜಾಗಕ್ಕೆ ದೊಡ್ಡದಾದ, ಓರೆಕೋರೆಯ ಸಾವಯವ ಅಯಾನು ಬಂದರೆ ಸಾಲು ಕೆಡುತ್ತದೆ. 100 ಡಿಗ್ರಿಯೊಳಗೇ ಉಪ್ಪು ದ್ರವವಾಗುತ್ತದೆ. ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಇಂಥದೊಂದು ಉಪ್ಪನ್ನು ಪಾಲ್ ವಾಲ್ಡನ್ 1914ರಲ್ಲೇ ವರದಿ ಮಾಡಿದ್ದರು.

ಮರ, ಹುಲ್ಲು, ಹತ್ತಿಗಳ ಮುಖ್ಯ ಸರಕಾದ ಸೆಲ್ಯುಲೋಸ್ ನೀರಿಗೆ ಜಗ್ಗುವುದಿಲ್ಲ. ಅದರ ಗ್ಲುಕೋಸ್ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಒಂದಕ್ಕೊಂದು ಬಿಗಿದಿರುತ್ತವೆ. 2002ರಲ್ಲಿ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ರಾಬಿನ್ ರಾಜರ್ಸ್ ತಂಡ, ಇಮಿಡಜೋಲಿಯಂ ಕ್ಲೋರೈಡ್ ಜಾತಿಯ ದ್ರವದಲ್ಲಿ ಅದನ್ನು ಕರಗಿಸಿ ತೋರಿಸಿತು.

ಆದರೆ ಒಳಗೆ ನಡೆಯುವುದೇನು? ಇಲ್ಲಿ ಕಂಪ್ಯೂಟರ್ ಕಣ್ಣಾಗುತ್ತದೆ. ಪ್ರತಿ ಪರಮಾಣುವಿನ ಮೇಲಿನ ಸೆಳೆತ–ವಿಕರ್ಷಣೆಗಳನ್ನು ಲೆಕ್ಕಹಾಕಿ, ಅದನ್ನು ಒಂದೆರಡು ಫೆಮ್ಟೋಸೆಕೆಂಡಿನಷ್ಟು ಮುಂದೆ ಸರಿಸಿ, ಮತ್ತೆ ಲೆಕ್ಕ. ಹೀಗೆ ಕೋಟಿಗಟ್ಟಲೆ ಸಲ. ಪರದೆಯ ಮೇಲೆ ಕ್ಲೋರೈಡ್ ಸರಪಳಿಯ ಹೈಡ್ರಾಕ್ಸಿಲ್ ಗುಂಪಿಗೆ ಅಂಟಿಕೊಳ್ಳುತ್ತದೆ, ಪಕ್ಕದ ಸರಪಳಿಯೊಂದಿಗಿನ ಬಂಧ ಸಡಿಲಗೊಳ್ಳುತ್ತದೆ. ನೀರು ಬೆರೆತರೆ ಅದೂ ಅದೇ ಕ್ಲೋರೈಡನ್ನು ಸೆಳೆದುಕೊಳ್ಳುತ್ತದೆ, ಸೆಲ್ಯುಲೋಸ್ ಮತ್ತೆ ಗಟ್ಟಿಯಾಗುತ್ತದೆ. ನೂಲು ತೆಗೆಯುವ ಗುಟ್ಟೂ ಇದೇ.

ಧನ, ಋಣ ಅಯಾನುಗಳನ್ನು ಅದಲುಬದಲು ಮಾಡಿದರೆ ಲಕ್ಷಗಟ್ಟಲೆ ದ್ರವಗಳು ಸಾಧ್ಯ. ಎಲ್ಲವನ್ನೂ ತಯಾರಿಸಿ ನೋಡಲಾಗದು. ಜರ್ಮನಿಯ ಆಂಡ್ರಿಯಾಸ್ ಕ್ಲಾಮ್ಟ್ 1995ರಲ್ಲಿ ಮುಂದಿಟ್ಟ ಕಾಸ್ಮೋ–ಆರ್‌ಎಸ್ ವಿಧಾನ, ಅಣುವಿನ ಮೇಲ್ಮೈಯ ವಿದ್ಯುದಾವೇಶದ ಹಂಚಿಕೆಯಿಂದಲೇ ಯಾವುದು ಯಾವುದರಲ್ಲಿ ಬೆರೆತೀತು ಎಂದು ಅಂದಾಜಿಸಿ ಪಟ್ಟಿಯನ್ನು ಕಿರಿದಾಗಿಸುತ್ತದೆ.

ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅಯಾನುಗಳಿಗೆ ಪೂರ್ಣ ವಿದ್ಯುದಾವೇಶ ಕೊಟ್ಟರೆ ಮಾದರಿಯ ದ್ರವ ನಿಜಕ್ಕಿಂತ ಮಂದವಾಗುತ್ತದೆ. ಹಾಗಾಗಿ ಹಲವರು ಅದನ್ನು ಶೇ. 80ರ ಆಸುಪಾಸಿಗೆ ತಗ್ಗಿಸುತ್ತಾರೆ. ಅಲ್ಲದೆ ಇಂಥ ಲೆಕ್ಕಗಳ ವ್ಯಾಪ್ತಿ ಬಹುಪಾಲು ನ್ಯಾನೋಸೆಕೆಂಡು, ಮೈಕ್ರೋಸೆಕೆಂಡುಗಳದು. ಮರ ಕರಗಲು ಗಂಟೆಗಳೇ ಹಿಡಿಯಬಹುದು. ಬೀಕರಿನಲ್ಲಿ ಸಿಕ್ಕ ಸ್ನಿಗ್ಧತೆ, ಸಾಂದ್ರತೆಗಳೊಂದಿಗೆ ತಾಳೆ ನೋಡಿದ ಮೇಲಷ್ಟೇ ಮಾದರಿಗೆ ಬೆಲೆ.

ಈಗಿನ ಹುಡುಕಾಟ ದ್ರವವನ್ನೂ ಜೈವಿಕ ಮೂಲದಿಂದಲೇ ಪಡೆಯುವತ್ತ ಹೊರಳಿದೆ. ಕ್ಯಾಲಿಫೋರ್ನಿಯಾದ ಜಾಯಿಂಟ್ ಬಯೋಎನರ್ಜಿ ಇನ್‌ಸ್ಟಿಟ್ಯೂಟ್, ಪೋಷಕಾಂಶವಾದ ಕೋಲಿನ್ ಮತ್ತು ಅಮೈನೋ ಆಮ್ಲವಾದ ಲೈಸಿನ್ ಸೇರಿಸಿದ ದ್ರವದಿಂದ ಹುಲ್ಲು–ಮರಗಳ ಲಿಗ್ನಿನ್ನನ್ನು ಬೇರ್ಪಡಿಸಿ, ಉಳಿದ ಸೆಲ್ಯುಲೋಸಿನಿಂದ ಇಂಧನಕ್ಕೆ ಬೇಕಾದ ಸಕ್ಕರೆ ತೆಗೆಯುವ ಕೆಲಸದಲ್ಲಿ ತೊಡಗಿದೆ.