ವಾರ್ಡಿನಲ್ಲಿ ನಿಂತು ನೋಡಿದ ಸಂಶೋಧಕ

ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರು ಆಸ್ಪತ್ರೆ ಸೇರಿದರೆ ಅವರನ್ನು ಗುಣಪಡಿಸುವವರು ಯಾರು? ಮಕ್ಕಳನ್ನು ಕೇಳಿದರೆ 'ಡಾಕ್ಟರು' ಎಂದು ಥಟ್ಟನೆ ಹೇಳುತ್ತಾರೆ. ಆಪರೇಷನ್ ಮಾಡುವವರು ಡಾಕ್ಟರೇ, ಸರಿ. ಆದರೆ ರಾತ್ರಿ ಮೂರು ಗಂಟೆಗೆ ನೋವೆಂದಾಗ ಬರುವವರು ನರ್ಸ್. ಮರುದಿನ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವವರು ಫಿಸಿಯೋಥೆರಪಿಸ್ಟ್. ಮನೆಗೆ ಹೋದ ಮೇಲೆ ಸ್ನಾನ ಹೇಗೆ, ಬಟ್ಟೆ ಉಡುವುದು ಹೇಗೆ ಎಂದು ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಬಿಪಿ ಮಾತ್ರೆಗೂ ನೋವಿನ ಮಾತ್ರೆಗೂ ಹೊಂದುತ್ತದೆಯೇ ಎಂದು ನೋಡುವವರು ಫಾರ್ಮಾಸಿಸ್ಟ್.

ಇವರೆಲ್ಲ ಬೇರೆ ಬೇರೆ ಕಾಲೇಜುಗಳಲ್ಲಿ, ಬೇರೆ ಬೇರೆ ಪುಸ್ತಕ ಓದಿ ಬಂದವರು. ಒಬ್ಬರ ವಿದ್ಯೆ ಏನೆಂದು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಮಾತ್ರ 'ನೀವೆಲ್ಲ ಒಂದು ತಂಡ' ಎಂದುಬಿಡುತ್ತಾರೆ! ನಡುವೆ ಒಂದು ಮಾತು ತಪ್ಪಿಹೋದರೆ ಪೆಟ್ಟು ಬೀಳುವುದು ಹಾಸಿಗೆಯ ಮೇಲಿರುವ ಅಜ್ಜಿಗೆ.

ಹಾಗಾದರೆ ಓದುವಾಗಲೇ ಇವರನ್ನು ಜೊತೆಗೂಡಿಸಿದರೆ? ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯ 1986ರಲ್ಲೇ ಈ ದಾರಿ ಹಿಡಿಯಿತು. 1996ರಲ್ಲಿ ಅಲ್ಲಿ ವಿದ್ಯಾರ್ಥಿಗಳೇ ನಡೆಸುವ ಒಂದು ಮೂಳೆ ಚಿಕಿತ್ಸೆಯ ವಾರ್ಡು ಶುರುವಾಯಿತು. ಭಾವೀ ಡಾಕ್ಟರು, ನರ್ಸ್, ಥೆರಪಿಸ್ಟ್‌ಗಳು ಎರಡು ವಾರ ಕಾಲ ಒಟ್ಟಿಗೆ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಬೆನ್ನ ಹಿಂದೆ ಅನುಭವಿ ಗುರುಗಳು ಇದ್ದೇ ಇರುತ್ತಿದ್ದರು, ಅಜ್ಜ-ಅಜ್ಜಿಯರು ಹೆದರಬೇಕಾಗಿಲ್ಲ. ಲಂಡನ್ನಿನ ರಾಯಲ್ ಲಂಡನ್ ಆಸ್ಪತ್ರೆಯಲ್ಲೂ ಇಂಥದೇ ವಾರ್ಡು ಬಂತು.

ಈ ಲಂಡನ್ ವಾರ್ಡನ್ನು ಪರೀಕ್ಷಿಸಿ ನೋಡಿದವರಲ್ಲಿ ಸ್ಕಾಟ್ ರೀವ್ಸ್ ಒಬ್ಬರು. ನಾನು ಹೇಳಹೊರಟಿರುವುದು ಇವರ ವಿಷಯವನ್ನೇ. ಇವರು ಡಾಕ್ಟರಲ್ಲ, ಸಮಾಜವಿಜ್ಞಾನಿ. ರೋಗವನ್ನು ಬಿಟ್ಟು, ರೋಗಿಯ ಸುತ್ತ ನಿಂತವರನ್ನು ನೋಡುವುದೇ ಇವರ ಕೆಲಸ. ಒಟ್ಟಿಗೆ ಕಲಿತದ್ದು ಚೆನ್ನಾಗಿತ್ತು ಎಂದು ವಿದ್ಯಾರ್ಥಿಗಳು ಹೇಳಿದರು. ರೋಗಿಗಳಿಗೂ ವಾರ್ಡು ಹಿಡಿಸಿತ್ತು. ಆದರೆ ಒಳಗೊಳಗೇ ಒಂದು ಎಳೆದಾಟವೂ ಇತ್ತು. ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು ಎಲ್ಲರ ಪಾಲಿಗೂ ಬಂದಾಗ, ನನ್ನ ಸ್ವಂತ ವಿದ್ಯೆ ಕಲಿಯುವುದು ಯಾವಾಗ ಎಂಬ ಚಿಂತೆ ಕೆಲವರಿಗೆ. ರೀವ್ಸ್ ಮತ್ತು ಜೊತೆಗಾರರು ಅದನ್ನೂ ಮುಚ್ಚಿಡದೆ ಬರೆದರು.

ಮುಂದೆ ಅವರು ಕೆನಡಾದ ಟೊರೊಂಟೊದಲ್ಲಿ ಕೆಲಸ ಮಾಡಿದರು. ಅಲ್ಲಿನ ವಾರ್ಡುಗಳಲ್ಲಿ ಯಾರು ಯಾರೊಡನೆ ಹೇಗೆ ಮಾತಾಡುತ್ತಾರೆ ಎಂದು ತಾಳ್ಮೆಯಿಂದ ಗಮನಿಸಿದ್ದು ನನಗೆ ಬಹಳ ಇಷ್ಟವಾಯಿತು. ನರ್ಸ್, ಥೆರಪಿಸ್ಟ್, ಸಮಾಜ ಕಾರ್ಯಕರ್ತರು ತಮ್ಮತಮ್ಮಲ್ಲಿ ಬಿಡುವಾಗಿ, ಸ್ನೇಹದಿಂದ ಮಾತಾಡುತ್ತಿದ್ದರು. ಡಾಕ್ಟರು ಅವರೊಡನೆ ಆಡುತ್ತಿದ್ದ ಮಾತು ಮಾತ್ರ ಮೊಟಕು.

ಸೈಮನ್ ಲೆವಿನ್ ಎಂಬವರ ಜೊತೆ ಬ್ರಿಟನ್ನಿನ ವಾರ್ಡುಗಳ ಬಗ್ಗೆ ಬರೆದ ಇನ್ನೊಂದು ಲೇಖನವೂ ಸ್ವಾರಸ್ಯವಾದದ್ದು. ಮನುಷ್ಯರ ನಡವಳಿಕೆಯನ್ನು ನಾಟಕಕ್ಕೆ ಹೋಲಿಸಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಅವರ ವಿಚಾರವನ್ನು ಇಲ್ಲಿ ಬಳಸಿಕೊಂಡಿದ್ದಾರೆ. ನಮ್ಮ ಯಕ್ಷಗಾನ ಬಲ್ಲವರಿಗೆ ಇದು ಸುಲಭ: ರಂಗಸ್ಥಳ ಬೇರೆ, ಚೌಕಿ ಬೇರೆ. ಬೆಳಗಿನ ರೌಂಡ್ಸ್ ಎಂಬುದು ರಂಗಸ್ಥಳ. ಅಲ್ಲಿ ಎಲ್ಲರೂ ತಂಡದ ವೇಷ ಕಟ್ಟಿ ನಿಂತಿರುತ್ತಾರೆ, ಆದರೆ ಪರಸ್ಪರ ಮಾತು ಕಡಿಮೆ. 'ಆಕೆ ನಿನ್ನೆ ಏನೂ ತಿನ್ನಲಿಲ್ಲ', 'ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆಯೇ' ಎನ್ನುವಂಥ ಮಾತಿಗೆ ಜಾಗ ಕಾರಿಡಾರು. ಅದೇ ಚೌಕಿ. ಎದುರಿಗೆ ಸಿಕ್ಕರೆ ಮಾತಾಯಿತು, ಸಿಗದಿದ್ದರೆ ಇಲ್ಲ!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಮ್ಮಲ್ಲಿ ಒಬ್ಬರು ಬರೆದ ವೋಚರನ್ನು ಇನ್ನೊಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಕ್ಯಾಷಿಯರ್ ಹಣ ಕೊಡುವುದು. ಅದನ್ನು ಯಾರೂ ಅವಮಾನವೆಂದು ತಿಳಿಯುತ್ತಿರಲಿಲ್ಲ. ನೂರು ರೂಪಾಯಿಗೆ ಅಷ್ಟು ಏರ್ಪಾಡು ಇದ್ದಾಗ, ಜೀವದ ಲೆಕ್ಕವನ್ನು ಕಾರಿಡಾರಿನ ಅದೃಷ್ಟಕ್ಕೆ ಬಿಡುವುದೇ ಎಂದು ನನಗೆ ಅನ್ನಿಸಿತು.

ರೀವ್ಸ್ ಅವರ ಇನ್ನೊಂದು ಗುಣಕ್ಕೆ ಲೆಕ್ಕದ ಮನುಷ್ಯನಾದ ನಾನು ತಲೆಬಾಗುತ್ತೇನೆ. ಒಟ್ಟಿಗೆ ಕಲಿತರೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ರುಜುವಾತು ಎಲ್ಲಿ? ಕೊಕ್ರೇನ್ ಎಂಬ ಸಂಸ್ಥೆ ಜಗತ್ತಿನ ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ಜರಡಿ ಹಿಡಿಯುತ್ತದೆ. ಈ ವಿಷಯದ ಮೊದಲ ಜರಡಿಯಲ್ಲಿ ಸಾವಿರಕ್ಕೂ ಹೆಚ್ಚು ಬರಹಗಳನ್ನು ಹುಡುಕಿದರೂ ಅಳತೆಗೆ ನಿಂತ ಅಧ್ಯಯನ ಒಂದೂ ಸಿಗಲಿಲ್ಲ. ರೀವ್ಸ್ ಮುಂದಾಳುತನದಲ್ಲಿ 2008ರಲ್ಲಿ ಮತ್ತೆ ಹುಡುಕಿದಾಗ 6 ಸಿಕ್ಕವು. 2013ರಲ್ಲಿ ಒಟ್ಟು 15. ಅವುಗಳಲ್ಲಿ 7 ಅಧ್ಯಯನಗಳು ಒಳ್ಳೆಯ ಫಲ ತೋರಿಸಿದವು, 4 ಮಿಶ್ರ ಫಲ, ಇನ್ನು 4ರಲ್ಲಿ ಏನೂ ವ್ಯತ್ಯಾಸವಿಲ್ಲ. ಇಷ್ಟರಿಂದ ಎಲ್ಲ ಕಡೆಗೂ ಅನ್ವಯಿಸುವ ತೀರ್ಮಾನ ಹೇಳಲಾಗದು ಎಂದು ಅವರೇ ಬರೆದರು. ತಾನು ಬದುಕೆಲ್ಲ ದುಡಿದ ವಿಷಯದ ಬಗ್ಗೆ ಹೀಗೆ ಬರೆಯಲು ಗಟ್ಟಿ ಎದೆ ಬೇಕು.

ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯ ಪ್ರಧಾನ ಸಂಪಾದಕರೂ ಆಗಿದ್ದ ರೀವ್ಸ್ 2018ರಲ್ಲಿ ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಇಂಥ ಶಿಕ್ಷಣಕ್ಕೊಂದು ಚೌಕಟ್ಟು ಪ್ರಕಟಿಸಿ, ಒಬ್ಬರ ಬಗ್ಗೆ, ಒಬ್ಬರಿಂದ, ಒಬ್ಬರ ಜೊತೆ ಕಲಿಯುವುದು ಇದರ ಅರ್ಥ ಎಂದಿದೆ. ನಮ್ಮ ಮಣಿಪಾಲದಲ್ಲೂ ವೈದ್ಯಕೀಯ, ನರ್ಸಿಂಗ್ ಮುಂತಾದ ಕಾಲೇಜುಗಳ ಅಧ್ಯಾಪಕರಿಗೆ ಹೀಗೆ ಒಟ್ಟಾಗಿ ಕಲಿಸುವುದು ಹೇಗೆಂಬ ತರಬೇತಿ ನಡೆಯುತ್ತಿದೆ. ಮೊದಲು ಮೇಷ್ಟರುಗಳು ಒಂದೇ ಬೆಂಚಿನಲ್ಲಿ ಕೂರಬೇಕಲ್ಲ!