ಒಲೆಯ ಹೊಗೆ: ಮೊದಲು ಎದೆಗೆ, ಆಮೇಲೆ ಆಕಾಶಕ್ಕೆ

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಅವು ಕೊಟ್ಟಷ್ಟು ಕರೆಂಟಿಗೆ ಬೇರೆಲ್ಲೋ ಕಲ್ಲಿದ್ದಲು ಸುಡುವುದು ತಪ್ಪುತ್ತದೆ, ಭೂಮಿ ಕಾಯುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ. ಸರಿಯೇ. ಆದರೆ ಗುಡ್ಡದ ಬುಡದ ನಮ್ಮ ಡೋಣಿಯಲ್ಲಿ ಒಲೆಯ ಹೊಗೆ ಆಕಾಶಕ್ಕೆ ಹೋಗುವ ಮೊದಲು ಹೆಣ್ಣುಮಕ್ಕಳ ಎದೆ ಹೊಕ್ಕೇ ಹೋಗುತ್ತದೆ. ಅದನ್ನು ತಡೆದರೆ ಮೊದಲ ಲಾಭ ನಮ್ಮ ಮನೆಗೇ.

ನಮ್ಮದು ಒಣಬೇಸಾಯ. ಹತ್ತಿಕಟ್ಟಿಗೆ, ಕುಳ್ಳು ಇವೇ ಉರುವಲು. ಮೂರು ಕಲ್ಲಿನ ಒಲೆಯಲ್ಲಿ ಇವು ಅರೆಬರೆ ಸುಡುತ್ತವೆ. ಸುಡದೆ ಉಳಿದದ್ದೇ ಮಸಿ, ವಿಷಗಾಳಿ. ಮಸಿ ಹೊರಗೆ ಹೋದರೆ ಬಿಸಿಲು ಹೀರಿ ವಾತಾವರಣ ಕಾಯಿಸುತ್ತದೆ. ಒಳಗೆ ಹೋದರೆ ಮುದುಕಿಯರಿಗೆ ದಮ್ಮು, ಕಣ್ಣಿಗೆ ಪೊರೆ, ಕೂಸುಗಳಿಗೆ ನ್ಯುಮೋನಿಯಾ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೆ ಬೀಡಿ ಸೇದುವವರ ಕೆಮ್ಮು ಸುಮ್ಮನೆ ಬಂದಿಲ್ಲ.

2016ರಲ್ಲಿ ಶುರುವಾದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂತು. ಮಳೆ ಕೈಕೊಟ್ಟ ವರ್ಷ ಅದನ್ನು ತುಂಬಿಸಲು ದುಡ್ಡಿಲ್ಲ, ಮತ್ತೆ ಕಟ್ಟಿಗೆಯೇ ಗತಿ. ಅದಕ್ಕೇ ನಾನು ಗೋಬರ್ ಗ್ಯಾಸಿನ ಪಕ್ಷ. ನಮ್ಮ ಮನೆಯಲ್ಲಿರುವುದು 2 ಘನಮೀಟರಿನ ದೀನಬಂಧು ಮಾದರಿ. ನಾಲ್ಕೈದು ದನ ಇರಬೇಕು. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಐದು ಜನರ ಅಡುಗೆ ನಡೆಯುತ್ತದೆ.

“ಒಣಭೂಮಿಯವಗ ನೀರೆಲ್ಲೈತಿ?” ಎಂದು ಕೇಳುವವರೇ ಬಹಳ. ದನ ತೊಳೆದ ನೀರು, ಗಂಜಲ ಎಲ್ಲ ಅದಕ್ಕೇ ಹಾಕುತ್ತೇವೆ. ಸೋಪಿನ ನೀರು, ಫಿನಾಯಿಲ್ ಮಾತ್ರ ಬೇಡ; ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಸಗಣಿಯ ಕಸುವು ಗ್ಯಾಸಿಗೆ ಹೋದರೆ ಹೊಲಕ್ಕೇನು ಎಂಬ ಅಂಜಿಕೆಯೂ ಇದೆ. ಗ್ಯಾಸಾಗಿ ಹೋಗುವುದು ಇಂಗಾಲ. ಸಾರಜನಕ ಬಹುಪಾಲು ಬಗ್ಗಡದಲ್ಲೇ ಉಳಿಯುತ್ತದೆ. ಕುಳ್ಳು ತಟ್ಟಿ ಸುಟ್ಟರೆ ಎರಡೂ ಹೋದಂತೆ!

ಪೈಪಿನ ಕೂಡುಗಳಿಗೆ ಆಗಾಗ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ. ಈ ಗ್ಯಾಸಿನಲ್ಲಿರುವ ಮೀಥೇನ್ ಸುಡದೆ ಹೊರಬಿದ್ದರೆ, ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿ ಕಾಯಿಸುತ್ತದೆ. ಅಡುಗೆಗೂ ನಷ್ಟ.

ನಮ್ಮ ಮನೆಯಾಕೆಯನ್ನು ಕೇಳಿದರೆ, “ಕಣ್ಣಾಗ ನೀರ ಸುರಿಯೂದು ನಿಂತೈತಿ, ಮುಂಜಾನಿ ಕೆಮ್ಮೂ ಕಡಿಮಿ. ರೊಟ್ಟಿಗೆ ಮಾತ್ರ ಒಲಿ ರುಚಿ ಬರಂಗಿಲ್ಲ” ಎನ್ನುತ್ತಾಳೆ. ರೊಟ್ಟಿಯ ಮಾತು ನಿಜ.

ದೊಡ್ಡ ತೊಡಕು ಬೇರೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದ ಮನೆಗಳಲ್ಲಿ ಸಗಣಿಯೇ ಇಲ್ಲ. ಎರಡು ಮನೆ ಕೂಡಿ ಒಂದು ಗುಂಡಿ ಮಾಡಬಹುದು, ಆದರೆ ಬಗ್ಗಡ ಹಂಚುವಾಗ ಜಗಳ. ಅಂಥವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಹೊಗೆಕೊಳವೆಯ ಅಸ್ತ್ರ ಒಲೆ ಇದೆ. ಕಟ್ಟಿಗೆ ಕಡಿಮೆ ಸಾಕು, ಹೊಗೆಯೂ ಮಾಳಿಗೆ ಮೇಲೆ ಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ಕೊಡವುತ್ತಿರಬೇಕು. ಕಟ್ಟಿಕೊಂಡರೆ ಹೊಗೆ ತಿರುಗಿ ಅಡುಗೆಮನೆಗೇ ಬರುತ್ತದೆ.