ರಸ್ತೆಯ ಹಣವೂ ಊರಿನ ಮಾತೂ

ಊರಿನ ನಡುವೆ ಹೊಸ ರಸ್ತೆಯೊಂದು ಹಾಯುವುದೆಂಬ ಸುದ್ದಿ ಹುಟ್ಟಿದೊಡನೆ ಜನರಲ್ಲಿ ಎರಡು ಪ್ರಶ್ನೆಗಳು ಏಳುವುವು: ಹಣ ಯಾರದು? ಗೆರೆ ಎಳೆದವರು ಯಾರು? ಹಣ ಕೊಡುವವನೇ ಗೆರೆಯನ್ನೂ ಎಳೆಯುವನೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವೆರಡನ್ನೂ ಬೇರೆ ಬೇರೆಯಾಗಿಡಲು ಅಮೆರಿಕಾದ ಸಂಯುಕ್ತ ಸಂಸ್ಥಾನಗಳು ಪಟ್ಟ ಶ್ರಮವನ್ನು ಈ ಹೊತ್ತು ವಿಚಾರಮಾಡೋಣ.

ಆ ದೇಶದಲ್ಲಿ ಹೆದ್ದಾರಿಗಳನ್ನು ಕಟ್ಟಿ ಕಾಪಾಡುವ ಹೊಣೆ ಬಹುಮಟ್ಟಿಗೆ ಆಯಾ ಸಂಸ್ಥಾನದ್ದು. ಕೇಂದ್ರ ಸರ್ಕಾರವು ಹಣದ ನೆರವು ನೀಡುವುದು. ಅಧ್ಯಕ್ಷ ವಿಲ್ಸನ್ನರ ಕಾಲದಲ್ಲಿ, 1916ರಲ್ಲಿ, ಇದಕ್ಕೆ ಮೊದಲ ಕಾಯಿದೆಯಾಯಿತು. ಆಗ ಕೇಂದ್ರದ ಪಾಲು ಖರ್ಚಿನ ಅರ್ಧವನ್ನು ಮೀರುವಂತಿರಲಿಲ್ಲ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರರು ಸಹಿ ಮಾಡಿದ ಕಾಯಿದೆಯು ಅಂತರಸಂಸ್ಥಾನ ಹೆದ್ದಾರಿಗಳಿಗೆ ಆ ಪಾಲನ್ನು ನೂರಕ್ಕೆ 90ರಷ್ಟಕ್ಕೆ ಏರಿಸಿತು. ಮೋಟಾರು ಎಣ್ಣೆಯ ಮೇಲಿನ ತೆರಿಗೆಯನ್ನು ಗ್ಯಾಲನ್ನಿಗೆ 3 ಸೆಂಟುಗಳಿಗೆ ಹೆಚ್ಚಿಸಿ, ಅದನ್ನು ಪ್ರತ್ಯೇಕ ನಿಧಿಯಲ್ಲಿಟ್ಟರು. ಸಾಮಾನ್ಯವಾಗಿ ಸಂಸ್ಥಾನವು ಮೊದಲು ತಾನೇ ಖರ್ಚುಮಾಡಿ, ಲೆಕ್ಕ ಒಪ್ಪಿಸಿ, ಬಳಿಕ ಕೇಂದ್ರದ ಪಾಲನ್ನು ಪಡೆಯತಕ್ಕದ್ದು.

ಹತ್ತು ಡಾಲರಿನಲ್ಲಿ ಒಂಬತ್ತು ಹೊರಗಿನಿಂದ ಬರುವಾಗ ಬೇಡವೆನ್ನುವ ಧೈರ್ಯ ಯಾರಿಗುಂಟು? ನಗರಗಳ ಒಡಲನ್ನು ಸೀಳಿಕೊಂಡು ಹೆದ್ದಾರಿಗಳು ನಡೆದುವು. ಬಡವರೂ ಕರಿಯ ಜನರೂ ಬಾಳುತ್ತಿದ್ದ ಕೇರಿಗಳು ಅನೇಕ ಕಡೆ ಮೊದಲು ಉರುಳಿದುವು. 1962ರಲ್ಲಿ ಕಾಂಗ್ರೆಸ್ ಸಭೆಯು ಒಂದು ಕಟ್ಟು ಹಾಕಿತು: 50,000ಕ್ಕೆ ಮೇಲ್ಪಟ್ಟು ಜನರಿರುವ ನಗರಪ್ರದೇಶಗಳಲ್ಲಿ, ಸಂಸ್ಥಾನವೂ ಸ್ಥಳೀಯ ಆಡಳಿತಗಳೂ ಕೂಡಿ ಎಡೆಬಿಡದೆ ಸಮಗ್ರ ಯೋಜನೆ ನಡೆಸದಿದ್ದರೆ ಕೇಂದ್ರದ ಹಣವಿಲ್ಲ.

ಕಾಯಿದೆಯ ಮಾತು ಬಾಳಿನಲ್ಲಿ ಇಳಿಯಲು ಕಾಲ ಹಿಡಿಯಿತು. ಬಾಸ್ಟನ್ ನಗರದ ನೈಋತ್ಯ ಭಾಗದಲ್ಲಿ ಹೆದ್ದಾರಿಗೆಂದು ಮನೆ ಅಂಗಡಿಗಳನ್ನು ಆಗಲೇ ಕೆಡವಿದ್ದರು. ಅಲ್ಲಿನ ನೆರೆಹೊರೆಯವರು ಒಟ್ಟುಗೂಡಿ ತಡೆದರು. ಮ್ಯಾಸಚೂಸೆಟ್ಸ್ ಸಂಸ್ಥಾನದ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟರು ಹಿಂದೆ ಲೋಕೋಪಯೋಗಿ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರೇ. ಅವರು 1970ರಲ್ಲಿ ತಮ್ಮ ಹಿಂದಿನ ಎಣಿಕೆ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡು, ನಗರದ ಬಹುತೇಕ ಹೆದ್ದಾರಿ ಕೆಲಸಗಳನ್ನು ನಿಲ್ಲಿಸಿದರು. ಮರುಪರಿಶೀಲನೆ ನಡೆದು 1972ರಲ್ಲಿ ಆ ಹೆದ್ದಾರಿಯನ್ನು ಕೈಬಿಟ್ಟರು. ಆದರೆ ರಸ್ತೆ ಬಿಟ್ಟರೆ ಹಣವನ್ನೂ ಬಿಡಬೇಕಾಗಿತ್ತು. 1973ರ ಕಾಯಿದೆಯು ಈ ತೊಡಕನ್ನು ಬಿಡಿಸಿ, ಕೈಬಿಟ್ಟ ಹೆದ್ದಾರಿಗೆ ಬದಲಾಗಿ ಸಾರ್ವಜನಿಕ ಸಾರಿಗೆಗೆ ನೆರವು ಪಡೆಯಲು ಅವಕಾಶವಿತ್ತಿತು. ಕೆಡವಿದ ಆ ನೆಲದಲ್ಲಿ 1987ರಲ್ಲಿ ರೈಲು ಓಡಿತು. ಅದರ ಮಗ್ಗುಲಲ್ಲಿ ಉದ್ದನೆಯ ಉದ್ಯಾನವೂ ಬೆಳೆಯಿತು.

ಈಗ ಅಂತಹ ಪ್ರತಿಯೊಂದು ನಗರಪ್ರದೇಶಕ್ಕೂ ಒಂದು ಯೋಜನಾಮಂಡಲಿಯಿದೆ. ದೊಡ್ಡ ನಗರಗಳ ಮಂಡಲಿಗಳಲ್ಲಿ ಊರುಗಳ ಚುನಾಯಿತ ಪ್ರತಿನಿಧಿಗಳೂ ಸಂಸ್ಥಾನದ ಅಧಿಕಾರಿಗಳೂ ಸಾರಿಗೆ ನಡೆಸುವವರೂ ಕೂಡುವರು. ಮಂಡಲಿಯು ಮುಖ್ಯವಾಗಿ ಎರಡು ಪತ್ರಗಳನ್ನು ಸಿದ್ಧಪಡಿಸುವುದು. ಒಂದು, ಕನಿಷ್ಠ 20 ವರ್ಷಗಳ ಮುನ್ನೋಟ. ಇನ್ನೊಂದು, ಕನಿಷ್ಠ ನಾಲ್ಕು ವರ್ಷಗಳಲ್ಲಿ ಕೈಗೊಳ್ಳುವ ಕೆಲಸಗಳ ಪಟ್ಟಿ. 1991ರ ಕಾಯಿದೆಯ ಮೇಲೆ ಬರಿಯ ಆಸೆಗಳನ್ನು ಬರೆಯುವಂತಿಲ್ಲ. ಬರಬಹುದೆಂದು ನ್ಯಾಯವಾಗಿ ನಂಬಬಹುದಾದ ಹಣಕ್ಕೆ ಸರಿದೂಗುವಷ್ಟನ್ನೇ ಬರೆಯತಕ್ಕದ್ದು. ಕರಡನ್ನು ಜನರ ಮುಂದಿಟ್ಟು ಅವರ ಅಭಿಪ್ರಾಯವನ್ನು ಕೇಳಿಯೇ ಒಪ್ಪಿಗೆ ಕೊಡಬೇಕು. ಪಟ್ಟಿಯಲ್ಲಿ ಸೇರದ ಕೆಲಸಕ್ಕೆ ಸಾಮಾನ್ಯವಾಗಿ ಕೇಂದ್ರದ ನೆರವು ಸಲ್ಲದು.

ಈ ಏರ್ಪಾಡಿನಿಂದ ಸಕಲ ಅನ್ಯಾಯವೂ ನೀಗಿತೆಂದು ನಾವು ಹೇಳಲಾರೆವು. ಮಂಡಲಿಯ ಕೈಯಲ್ಲಿ ತನ್ನದೇ ಬೊಕ್ಕಸವಿಲ್ಲ. ಸಂಸ್ಥಾನದ ಇಲಾಖೆಯ ಮಾತಿಗೆ ತೂಕ ಹೆಚ್ಚು. ಇಪ್ಪತ್ತು ವರ್ಷದ ಮುನ್ನೋಟವನ್ನು ಓದಲು ಬರುವವರೂ ವಿರಳ; ಯಂತ್ರಗಳು ಬಾಗಿಲಿಗೆ ಬಂದಾಗಲೇ ಜನರು ಎಚ್ಚರಗೊಳ್ಳುವರು. ಆದರೆ ಗೆರೆಯು ಕಾಗದದ ಮೇಲಿರುವಾಗ ಅದನ್ನು ಅಳಿಸಲು ಒಂದು ಮಾತು ಸಾಕಾದೀತು. ನೆಲದ ಮೇಲೆ ಬಿದ್ದ ಬಳಿಕ ಒಂದು ತಲೆಮಾರೂ ಸಾಲದು. ಬಾಸ್ಟನ್ನಿನ ಜನರು ಮನೆಗಳನ್ನು ಕಳೆದುಕೊಂಡು ಇದನ್ನು ಕಲಿತರು. ಆ ಬೆಲೆಯನ್ನು ಮತ್ತೆ ತೆರದಿರುವ ಉಪಾಯವೊಂದೇ: ಕರಡು ಹೊರಬಿದ್ದ ದಿನವೇ ಅದನ್ನು ಓದಿ ಮಾತನಾಡುವುದು.